ನಿಲಸ್ಕಲ್ಲಿನ ಕಲ್ಲುಗಳು, ಜೂನ್ ತಿಂಗಳ ಮೋಡ

ಹೊಸನಗರ ತಾಲೂಕಿನ ನಿಲಸ್ಕಲ್, ಬೈಸೆಯಲ್ಲಿ ಬಹಳ ಹಿಂದಿನವರು ನೆಟ್ಟ ನಿಲುಗಲ್ಲುಗಳ ಫೋಟೊ ಕಂಡರೆ ಸಾಕು, ‘ನಮ್ಮ ಸ್ಟೋನ್‌ಹೆಂಜ್’ ಅನ್ನುವವರು ಸಿಕ್ಕೇ ಸಿಗುತ್ತಾರೆ. ಇಂಗ್ಲೆಂಡಿನ ಬಯಲಲ್ಲಿ ಸುತ್ತುಗಟ್ಟಿ ನಿಲ್ಲಿಸಿರುವ ಪುರಾತನ ಕಲ್ಲುಗಳೇ ಸ್ಟೋನ್‌ಹೆಂಜ್. ಅನ್ನಲಿ ಬಿಡಿ. ಆದರೆ ಅಲ್ಲಿನ ಆಕಾಶವೇ ಬೇರೆ, ಇಲ್ಲಿನದೇ ಬೇರೆ.

ಸೂರ್ಯ ತೀರಾ ಉತ್ತರಕ್ಕೆ ಹುಟ್ಟುವ ಜೂನ್ 21ರಂದು ಇಂಗ್ಲೆಂಡಿನ ಆ ಬಯಲಲ್ಲಿ ಸೂರ್ಯ ಪೂರ್ವದಿಂದ ಹೆಚ್ಚುಕಡಿಮೆ 40 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಹೊಸನಗರದಲ್ಲಿ ಬರೀ 24. ಅಲ್ಲಿ ಓರೆಯಾಗಿ ಏರುತ್ತಾನೆ, ಹಾಗಾಗಿ ಎದುರಿನ ಗುಡ್ಡ ಒಂದು ಡಿಗ್ರಿ ಎತ್ತರ ಇದ್ದರೂ ಅವನು ಕಾಣುವ ಜಾಗ ಒಂದೂವರೆ ಡಿಗ್ರಿ ಸರಿಯುತ್ತದೆ. ಇಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಏರುವುದರಿಂದ ಅಷ್ಟೇ ಎತ್ತರದ ಗುಡ್ಡಕ್ಕೆ ಸರಿಯುವುದು ಕಾಲು ಡಿಗ್ರಿ. ಅಳೆಯುವವರಿಗೆ ಇದು ದೊಡ್ಡ ಅನುಕೂಲ.

ನಿಲಸ್ಕಲ್ಲಿನ ಕೆಲವು ಜೋಡಿ ಕಲ್ಲುಗಳ ಸಾಲು ಜೂನ್ 21, ಡಿಸೆಂಬರ್ 21ರ ಸುಮಾರಿನ ಸೂರ್ಯೋದಯ–ಸೂರ್ಯಾಸ್ತದ ಕಡೆಗಿದೆ ಎಂದು ಅಳೆದವರು ತೋರಿಸಿದ್ದಾರೆ. ಇಂಥ ಮಾತು ಕೇಳಿದಾಗೆಲ್ಲ ನಾನು ಮೊದಲು ಲೆಕ್ಕ ಹಾಕುತ್ತೇನೆ. ಎಲ್ಲೋ ಒಂದು ಕಡೆ 20 ಕಲ್ಲು ಇವೆ ಅಂದುಕೊಳ್ಳಿ, ಎರಡೆರಡು ಸೇರಿಸಿ ಗೆರೆ ಎಳೆದರೆ 190 ಗೆರೆ ಆಗುತ್ತವೆ, ಆಚೀಚೆ ಒಂದೊಂದು ಡಿಗ್ರಿ ಸಡಿಲ ಬಿಟ್ಟರೆ ನಾಲ್ಕು ಗೆರೆ ಸುಮ್ನೆ ಆಕಸ್ಮಿಕವಾಗಿಯೇ ಸೂರ್ಯನಿಗೆ ಹೊಂದಿಬಿಡುತ್ತವೆ! ಹಾಗಾಗಿ ಒಂದೆರಡು ಗೆರೆ ಸಿಕ್ಕರೆ ನಾನು ಕುಣಿಯುವುದಿಲ್ಲ.

ನನಗೆ ಜಾಸ್ತಿ ನಂಬಿಕೆ ಹುಟ್ಟಿಸುವುದು ಬೇರೆ ಸಂಗತಿ. ಈ ಕಲ್ಲುಗಳು ಒರಟು ಚಪ್ಪಡಿಗಳು, ಕಡೆದು ನಯ ಮಾಡಿದವಲ್ಲ. ಆದರೂ ಅವುಗಳ ಉದ್ದ ಮಗ್ಗುಲು ಉತ್ತರ–ದಕ್ಷಿಣಕ್ಕಿದೆ, ಅಗಲವಾದ ಮುಖ ಪೂರ್ವಕ್ಕೂ ಪಶ್ಚಿಮಕ್ಕೂ. ಅಷ್ಟು ಭಾರದ ಕಲ್ಲನ್ನು ಗುಂಡಿಗೆ ಇಳಿಸುವಾಗ ಒಂದೇ ದಿಕ್ಕು ಹಿಡಿಯಬೇಕಾದರೆ ಯಾರೋ ನಿಂತು ‘ಇನ್ನೂ ಸ್ವಲ್ಪ ತಿರುಗಿಸಿ’ ಅಂದಿರಲೇಬೇಕು ಅಲ್ವಾ?

ಮತ್ತೆ ಮಳೆ. ಜೂನ್ 21ಕ್ಕೆ ಹೊಸನಗರದಲ್ಲಿ ಸೂರ್ಯ ಕಾಣುವುದೇ ಅಪರೂಪ, ಅದು ಕೊಡೆ ಹಿಡಿಯುವ ಕಾಲ. ಆ ದಿನದ ಸೂರ್ಯೋದಯಕ್ಕಾಗಿಯೇ ಕಲ್ಲು ನೆಟ್ಟರು ಅಂದರೆ ನಾನು ಒಪ್ಪಲಾರೆ. ಒಂದು ಗೆರೆಯ ಈ ತುದಿ ಜೂನ್ ಸೂರ್ಯೋದಯಕ್ಕಾದರೆ ಆ ತುದಿ ಡಿಸೆಂಬರ್ ಸೂರ್ಯಾಸ್ತಕ್ಕೆ. ಅವರಿಗೆ ಬೇಕಿದ್ದದ್ದು ಎರಡನೆಯದೇ ಇರಬಹುದು.

ನೋಡುವ ಆಸೆ ಇದ್ದರೆ ಡಿಸೆಂಬರ್ ಮೂರನೇ ವಾರ ಹೋಗಿ. 21ನೇ ತಾರೀಕೇ ಆಗಬೇಕಿಲ್ಲ, ಆ ಕೆಲವು ದಿನ ಸೂರ್ಯ ಮುಳುಗುವ ಜಾಗ ಬರಿಗಣ್ಣಿಗೆ ಬದಲಾಗುವುದಿಲ್ಲ. ಬೆಳಿಗ್ಗೆ ಮಂಜು ಕವಿದಿರಬಹುದು, ಸಂಜೆಯೇ ಒಳ್ಳೆಯದು. ಫೋನಿನ ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ, ಹತ್ತಿರ ಕಬ್ಬಿಣ ಇದ್ದರೆ ಅದು ಏನೇನೋ ತೋರಿಸುತ್ತದೆ.