ಒಂಬತ್ತಕ್ಕೆ ಒಂಬತ್ತೂ ಗೆದ್ದರು, ಆದರೂ ಯಾರೂ ಕರೆಯಲಿಲ್ಲ

1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ 'ಡಾನ್ಸ್' ಫುಟ್ಬಾಲ್ ತಂಡ ಆಡಿದ ಒಂಬತ್ತೂ ಪಂದ್ಯ ಗೆದ್ದಿತು. ಆದರೆ ವರ್ಷಾಂತ್ಯದ ದೊಡ್ಡ ಪಂದ್ಯಗಳಿಗೆ ಅವರನ್ನು ಯಾರೂ ಕರೆಯಲಿಲ್ಲ. ಆ ಸೀಸನ್ ಮುಗಿಯುತ್ತಿದ್ದಂತೆ ಕಾಲೇಜು ಫುಟ್ಬಾಲ್ ತಂಡವನ್ನೇ ಮುಚ್ಚಿತು. ತಂಡದಲ್ಲಿದ್ದ ಇಬ್ಬರು ಕಪ್ಪು ಆಟಗಾರರು, ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್, ಇವರನ್ನು ಬಿಟ್ಟು ಬಂದರೆ ಕರೆಯುತ್ತೇವೆ ಎಂಬ ಷರತ್ತಿಗೆ ಉಳಿದವರು ಒಪ್ಪಲಿಲ್ಲ. ಈ ಕಥೆಯನ್ನು ಸಾಮಾನ್ಯವಾಗಿ ಒಂದು ತಂಡದ ಧೈರ್ಯದ ಕಥೆಯಾಗಿ ಹೇಳುತ್ತಾರೆ. ಧೈರ್ಯ ಇದ್ದದ್ದು ನಿಜ. ಆದರೆ ಅವರ ಮುಂದಿಟ್ಟ ಷರತ್ತು ಅವತ್ತು ಹುಟ್ಟಿದ್ದಲ್ಲ.

ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್ಬಾಲ್. ಹೊಸ ವರ್ಷದ ಹೊತ್ತಿಗೆ ಅಲ್ಲಿ 'ಬೌಲ್' ಪಂದ್ಯಗಳು ನಡೆಯುತ್ತವೆ. ಆಗ ಅವಕ್ಕೆ ಅರ್ಹತಾ ಸುತ್ತು ಅಂತ ಏನೂ ಇರಲಿಲ್ಲ. ಸಂಘಟಕರು ಕರೆದವರೇ ಆಡಬೇಕು. ಕರೆಸಿಕೊಂಡ ಕಾಲೇಜಿಗೆ ಒಳ್ಳೆಯ ದುಡ್ಡು. ಕ್ಯಾಲಿಫೋರ್ನಿಯಾದಲ್ಲೇ ನಡೆಯುವ ರೋಸ್ ಬೌಲ್ ಎರಡು ದೊಡ್ಡ ಒಕ್ಕೂಟಗಳ ತಂಡಗಳಿಗೇ ಮೀಸಲಾಗಿತ್ತು. ಉಳಿದವುಗಳಲ್ಲಿ ಮೂರು: ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನ ಶುಗರ್ ಬೌಲ್, ಜ್ಯಾಕ್ಸನ್‌ವಿಲ್‌ನ ಗೇಟರ್ ಬೌಲ್. ಮೂರೂ ದಕ್ಷಿಣದ ಊರುಗಳು. ಅಲ್ಲಿ ಶಾಲೆ, ಬಸ್ಸಿನ ಸೀಟು, ಕುಡಿಯುವ ನೀರಿನ ನಲ್ಲಿ, ಎಲ್ಲವೂ ಬಿಳಿಯರಿಗೊಂದು, ಕಪ್ಪು ಜನರಿಗೊಂದು.

ದಕ್ಷಿಣದ ತಂಡಗಳ ಜೊತೆ ಆಡುವಾಗ ಉತ್ತರದ ಕಾಲೇಜುಗಳು ತಮ್ಮ ಕಪ್ಪು ಆಟಗಾರರನ್ನು ಸುಮ್ನೆ ಹೊರಗೆ ಕೂರಿಸುತ್ತಿದ್ದವು. ಇದನ್ನು 'ಸಭ್ಯರ ಒಪ್ಪಂದ' ಎನ್ನುತ್ತಿದ್ದರು. 1940ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯ ತನ್ನ ಕಪ್ಪು ಆಟಗಾರ ಲೆನರ್ಡ್ ಬೇಟ್ಸ್ ಅವರನ್ನು ಮಿಸೌರಿಗೆ ಕರೆದೊಯ್ಯಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು. ಮರುವರ್ಷ ಅವರಲ್ಲಿ ಏಳು ಜನರನ್ನು ಕಾಲೇಜು ಅಮಾನತು ಮಾಡಿತು. 1946ರಲ್ಲಿ ಪೆನ್ ಸ್ಟೇಟ್ ತಂಡ ತನ್ನ ಕಪ್ಪು ಆಟಗಾರರನ್ನು ಬಿಡುವ ಬದಲು ಮಯಾಮಿ ಪಂದ್ಯವನ್ನೇ ಕೈಬಿಟ್ಟಿತು. 1948ರಲ್ಲಿ ಅದೇ ತಂಡ ತನ್ನ ಕಪ್ಪು ಆಟಗಾರರ ಜೊತೆಗೇ ಡಲ್ಲಾಸ್‌ನ ಕಾಟನ್ ಬೌಲ್ ಆಡಿತು. ಅಂದರೆ ಸಂಘಟಕರಿಗೆ ಮನಸ್ಸಿದ್ದರೆ ಆಗ ದಾರಿ ಇತ್ತು.

ಡಾನ್ಸ್ ತಂಡದಲ್ಲಿ ಎಂಥ ಆಟಗಾರರಿದ್ದರು ಎನ್ನುವುದನ್ನು ನೋಡಬೇಕು. ಮ್ಯಾಟ್ಸನ್ ಟೆಕ್ಸಾಸ್‌ನಲ್ಲಿ ಹುಟ್ಟಿದವರು, ಟೋಲರ್ ಮೆಂಫಿಸ್‌ನವರು. ಇಬ್ಬರೂ ದಕ್ಷಿಣದ ಮಕ್ಕಳೇ. ಚೆಂಡು ಹಿಡಿದು ಓಡುವುದರಲ್ಲಿ ಆ ವರ್ಷ ದೇಶಕ್ಕೇ ಮೊದಲಿಗ ಮ್ಯಾಟ್ಸನ್: 1,566 ಗಜ, 21 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ನ್ಯೂಯಾರ್ಕ್‌ನಲ್ಲಿ ಫೋರ್ಡಮ್ ವಿರುದ್ಧದ ಪಂದ್ಯವನ್ನೇ ತೆಗೆದುಕೊಳ್ಳಿ. ಎದುರಾಳಿ ಚೆಂಡನ್ನು ದೂರಕ್ಕೆ ಒದೆಯುತ್ತಾನೆ, ಹನ್ನೊಂದು ಜನ ಮೈಮೇಲೆ ಬೀಳಲು ಓಡಿ ಬರುತ್ತಾರೆ. ಚೆಂಡು ಹಿಡಿದವನು ಅವರ ನಡುವೆಯೇ ನುಸುಳಿ ಇಡೀ ಮೈದಾನ ದಾಟಬೇಕು. ಒಂದು ಸೀಸನ್‌ನಲ್ಲಿ ಒಮ್ಮೆ ಆದರೂ ಜನ ನೆನಪಿಟ್ಟುಕೊಳ್ಳುತ್ತಾರೆ. ಮ್ಯಾಟ್ಸನ್ ಅದನ್ನು ಆ ಒಂದೇ ಪಂದ್ಯದಲ್ಲಿ ಎರಡು ಸಲ ಮಾಡಿದರು. ಡಾನ್ಸ್ 32-26ರಿಂದ ಗೆದ್ದರು.

ನವೆಂಬರ್‌ನಲ್ಲಿ ಪೆಸಿಫಿಕ್ ಕಾಲೇಜನ್ನು 47-14ರಿಂದ ಸೋಲಿಸಿದ ಮೇಲೆ ಬೌಲ್ ಆಹ್ವಾನ ಬಂದೇ ಬರುತ್ತೆ ಎಂದು ಎಲ್ಲರೂ ಕಾದಿದ್ದರು. ಮ್ಯಾಟ್ಸನ್, ಟೋಲರ್ ಇಲ್ಲದೆ ಬರುವುದಾದರೆ ಬರಬಹುದು ಎಂಬ ಮಾತು ಕೋಚ್ ಜೋ ಕುಹಾರಿಚ್ ಮೂಲಕ ಆಟಗಾರರಿಗೆ ತಲುಪಿತು. ಮತ ಹಾಕುವ ಪ್ರಶ್ನೆಯೇ ಬರಲಿಲ್ಲ ಎಂದು ಆಟಗಾರರು ಮುಂದೆ ವರ್ಷಗಟ್ಟಲೆ ಹೇಳಿಕೊಂಡು ಬಂದರು. ತಂಡದ ಜೀನೊ ಮಾರ್ಕೆಟ್ಟಿ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದವರು. ಅಂಥವರನ್ನು ಇಂಥ ಷರತ್ತಿನಿಂದ ಬಗ್ಗಿಸಲು ಆಗುತ್ತಾ?

ಎದುರಾಳಿಗಳು ದುರ್ಬಲರಾಗಿದ್ದರು ಎಂಬ ಕಾರಣವನ್ನೂ ಆಗ ಮುಂದಿಡಲಾಯಿತು. ಡಾನ್ಸ್ ಆಡಿದವರಲ್ಲಿ ಎರಡು ಮಿಲಿಟರಿ ತಂಡಗಳಿದ್ದದ್ದು ಹೌದು. ಆದರೆ ಇವರ ಕೈಯಲ್ಲಿ ಅಷ್ಟು ಕೆಟ್ಟದಾಗಿ ಸೋತ ಪೆಸಿಫಿಕ್ ತಂಡವೇ ಟೆಕ್ಸಾಸ್‌ನ ಸನ್ ಬೌಲ್‌ಗೆ ಹೋಯಿತು! ಆ ಕಾರಣ ನನಗಂತೂ ಒಪ್ಪಿಗೆಯಾಗುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಒಕ್ಲಹೋಮಾದಲ್ಲಿ ನಡೆದ ಪಂದ್ಯದಲ್ಲಿ ಡ್ರೇಕ್ ವಿಶ್ವವಿದ್ಯಾಲಯ ತಂಡದ ಕಪ್ಪು ಆಟಗಾರ ಜಾನಿ ಬ್ರೈಟ್ ಅವರ ದವಡೆಯನ್ನು ಎದುರಾಳಿ ತಂಡದವರು ಮುರಿದಿದ್ದರು. ಆ ಹೊಡೆತದ ಫೋಟೊಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಗಾಳಿ ಎತ್ತ ಬೀಸುತ್ತಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ತಂಡ ಮುಚ್ಚಲು ಬೌಲ್ ಒಂದೇ ಕಾರಣ ಅಲ್ಲ. ಕಾಲೇಜಿಗೆ ಫುಟ್ಬಾಲ್‌ನಿಂದ ಮೊದಲೇ ನಷ್ಟವಾಗುತ್ತಿತ್ತು. 1950ರಲ್ಲಿ ಅದೇ ಊರಿನ ವೃತ್ತಿಪರ ತಂಡ 49ಅರ್ಸ್, ದೇಶದ ವೃತ್ತಿಪರ ಫುಟ್ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಸೇರಿತ್ತು. ಅದೂ ಡಾನ್ಸ್ ಆಡುತ್ತಿದ್ದ ಕೀಜಾರ್ ಮೈದಾನದಲ್ಲೇ ಆಡುತ್ತಿದ್ದುದರಿಂದ ಜನ ಆ ಕಡೆ ಹೋಗುತ್ತಿದ್ದರು. ಪಕ್ಕದ ಸೇಂಟ್ ಮೇರೀಸ್ ಕಾಲೇಜು ಆಗಲೇ ಫುಟ್ಬಾಲ್ ನಿಲ್ಲಿಸಿತ್ತು. ಬೌಲ್‌ನ ದುಡ್ಡು ಬಂದಿದ್ದರೆ ಉಸಿರಾಡಲು ಸ್ವಲ್ಪ ಸಮಯ ಸಿಗುತ್ತಿತ್ತು. ಅದೂ ತಪ್ಪಿತು. ನನಗೆ ಬೇಸರವಾಗುವುದು ಇಲ್ಲೇ. ಷರತ್ತು ಹಾಕಿದವರು ಏನನ್ನೂ ಕಳೆದುಕೊಳ್ಳಲಿಲ್ಲ. ಮುಂದಿನ ವರ್ಷ ಆಡಬೇಕಿದ್ದ ಹುಡುಗರು ತಂಡವನ್ನೇ ಕಳೆದುಕೊಂಡರು.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದರು. ಅವರು, ಮಾರ್ಕೆಟ್ಟಿ, ಬಾಬ್ ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಪೀಟ್ ರೊಜೆಲ್ 1960ರಲ್ಲಿ ಎನ್‌ಎಫ್‌ಎಲ್ ಮುಖ್ಯಸ್ಥರಾದರು. ಟೋಲರ್‌ಗೆ ಮಾತ್ರ 1952ರಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆಟ ಮುಗಿಯಿತು. ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಶಿಕ್ಷಕರಾದರು, ಆಮೇಲೆ ಶಾಲೆಯೊಂದರ ಪ್ರಿನ್ಸಿಪಾಲರಾದರು.

ದಕ್ಷಿಣ ಬೇಗ ಬದಲಾಗಲಿಲ್ಲ. 1956ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ತಂಡದ ಕಪ್ಪು ಆಟಗಾರ ಬಾಬಿ ಗ್ರಿಯರ್ ಶುಗರ್ ಬೌಲ್ ಆಡಿದರು. ಅದಕ್ಕೆ ಮುಂಚೆ ಜಾರ್ಜಿಯಾದ ಗವರ್ನರ್ ತಮ್ಮ ರಾಜ್ಯದ ತಂಡ ಆ ಪಂದ್ಯ ಆಡಬಾರದು ಎಂದು ಪಟ್ಟು ಹಿಡಿದಿದ್ದರು. ಅದೇ ವರ್ಷ ಶುಗರ್ ಬೌಲ್ ನಡೆಯುವ ಲೂಸಿಯಾನ ರಾಜ್ಯ ಕಪ್ಪು–ಬಿಳಿ ಆಟಗಾರರು ಒಟ್ಟಿಗೆ ಆಡುವುದನ್ನೇ ಕಾನೂನು ಮಾಡಿ ನಿಷೇಧಿಸಿತು. ಆ ಕಾನೂನು 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಆದರೂ ಗ್ರಿಯರ್ ನಂತರ ಶುಗರ್ ಬೌಲ್‌ನಲ್ಲಿ ಕಪ್ಪು ಆಟಗಾರರು ಕಾಣಿಸಿದ್ದು 1965ರಲ್ಲಿ, ಸಿರಕ್ಯೂಸ್ ತಂಡದೊಂದಿಗೆ. ಅದೇ ವರ್ಷ ಬರ್ಲ್ ಟೋಲರ್ ಎನ್‌ಎಫ್‌ಎಲ್‌ನ ಮೊದಲ ಕಪ್ಪು ಅಂಪೈರಿಂಗ್ ಅಧಿಕಾರಿಯಾಗಿ ಮೈದಾನಕ್ಕಿಳಿದರು.