ದಿನದಿನದ ಲೆಕ್ಕ ಕೇಳುವವರು: ಲೋಕಸಭೆಯಲ್ಲಿ ವಿರೋಧ ಪಕ್ಷದ ಸ್ಥಾನ ಸಾಗಿಬಂದ ದಾರಿ

1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಂವಿಧಾನ ರಚನಾ ಸಭೆಯ ಮುಂದಿಟ್ಟು ಮಾತನಾಡಿದ ಬಿ.ಆರ್. ಅಂಬೇಡ್ಕರ್ ಅವರು, ಅಮೆರಿಕದ ಅಧ್ಯಕ್ಷೀಯ ಪದ್ಧತಿಯನ್ನು ಬಿಟ್ಟು ಸಂಸದೀಯ ಪದ್ಧತಿಯನ್ನು ಆರಿಸಿಕೊಂಡದ್ದೇಕೆ ಎಂಬುದನ್ನು ವಿವರಿಸಿದರು. ಸರ್ಕಾರಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು. ಎರಡನ್ನೂ ಸಮನಾಗಿ ಕೊಡುವ ವ್ಯವಸ್ಥೆ ಇನ್ನೂ ಸಿಕ್ಕಿಲ್ಲವಾದ್ದರಿಂದ ಈ ಕರಡು ಹೊಣೆಗಾರಿಕೆಯ ಕಡೆಗೆ ವಾಲಿದೆ ಎಂಬುದು ಅವರ ವಾದದ ತಿರುಳು. ಸಂಸದೀಯ ಪದ್ಧತಿಯಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಎರಡು ಬಗೆಯಲ್ಲಿ ನಡೆಯುತ್ತದೆ ಎಂದು ಅವರು ಹೇಳಿದರು. ಚುನಾವಣೆ ಬಂದಾಗ ಮತದಾರ ಮಾಡುವ ತಪಾಸಣೆ ಒಂದಾದರೆ, ಪ್ರಶ್ನೆ, ನಿರ್ಣಯ, ಚರ್ಚೆ ಮತ್ತು ಅವಿಶ್ವಾಸ ಗೊತ್ತುವಳಿಗಳ ಮೂಲಕ ಸದನದ ಸದಸ್ಯರು ದಿನದಿನವೂ ಮಾಡುವ ತಪಾಸಣೆ ಇನ್ನೊಂದು.

ಈ ಎರಡನೆಯ ತಪಾಸಣೆಯ ಬಹುಪಾಲು ಹೊರೆ ವಿರೋಧ ಪಕ್ಷದ ಮೇಲೆ ಬೀಳುತ್ತದೆ. ದೇಶ ಎತ್ತ ಸಾಗುತ್ತಿದೆ ಎಂಬ ಆತಂಕವನ್ನು ಸಾಮಾನ್ಯ ಪ್ರಜೆ ಐದು ವರ್ಷ ಎದೆಯಲ್ಲಿಟ್ಟುಕೊಂಡು ಕೂರಲಾರ. ತನ್ನ ಪರವಾಗಿ ಯಾರಾದರೂ ಅದನ್ನು ಸದನದಲ್ಲಿ ಎತ್ತಲಿ, ಸರ್ಕಾರ ಎದ್ದು ನಿಂತು ಉತ್ತರ ಕೊಡಲಿ ಎಂದು ಬಯಸುತ್ತಾನೆ. ಇಷ್ಟು ಮುಖ್ಯವಾದ ಕೆಲಸ ಮಾಡಬೇಕಾದವರ ಸ್ಥಾನ ನಮ್ಮಲ್ಲಿ ಏಳು ದಶಕಗಳಿಂದ ಗಟ್ಟಿಯಾದ ಹಕ್ಕಿನ ಮೇಲೆ ನಿಂತಿಲ್ಲ. ಅದು ತಲೆ ಎಣಿಕೆಯ ಮೇಲೆ, ಸ್ಪೀಕರ್ ಅವರ ವಿವೇಚನೆಯ ಮೇಲೆ, ಆಳುವವರ ಔದಾರ್ಯದ ಮೇಲೆ ನಿಂತುಕೊಂಡು ಬಂದಿದೆ.

ಮೊದಲ ಲೋಕಸಭೆಯ 489 ಸ್ಥಾನಗಳಲ್ಲಿ ಕಾಂಗ್ರೆಸ್ 364ನ್ನು ಗೆದ್ದಿತ್ತು. ಅದರ ನಂತರದ ಅತಿ ದೊಡ್ಡ ಪಕ್ಷವಾದ ಕಮ್ಯುನಿಸ್ಟ್ ಪಕ್ಷಕ್ಕೆ ಸಿಕ್ಕಿದ್ದು 16. ಸದನದಲ್ಲಿ ಆಸನ, ಕೊಠಡಿ ಮತ್ತು ಚರ್ಚೆಯ ಸಮಯವನ್ನು ಹಂಚಬೇಕಾದರೆ ಯಾವುದನ್ನು ಪಕ್ಷವೆಂದು ಎಣಿಸಬೇಕು ಎಂಬ ಪ್ರಶ್ನೆ ಬಂದಾಗ ಸ್ಪೀಕರ್ ಜಿ.ವಿ. ಮಾವಳಂಕರ್ ಅವರು ಕೋರಂಗೆ (ಕಲಾಪ ನಡೆಸಲು ಇರಲೇಬೇಕಾದ ಕನಿಷ್ಠ ಹಾಜರಾತಿಗೆ) ಬೇಕಾದಷ್ಟು, ಅಂದರೆ ಒಟ್ಟು ಸದಸ್ಯಬಲದ ಹತ್ತನೇ ಒಂದು ಭಾಗದಷ್ಟು ಸಂಖ್ಯೆಯಾದರೂ ಇರಬೇಕು ಎಂಬ ಅಳತೆಯನ್ನು ಹಾಕಿಕೊಟ್ಟರು. ಕಲಾಪದ ಅನುಕೂಲಕ್ಕಾಗಿ ಹುಟ್ಟಿದ ಈ ಅಳತೆ ಸಂವಿಧಾನದಲ್ಲಿಲ್ಲ. ವಿರೋಧ ಪಕ್ಷದ ನಾಯಕನ ಬಗ್ಗೆ ಮುಂದೆ ಬಂದ ಕಾಯ್ದೆಯಲ್ಲಿಯೂ ಇಲ್ಲ. ಆದರೆ ಅದರ ಫಲವಾಗಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರಂಥ ಧೀಮಂತರು ವರ್ಷಗಟ್ಟಲೆ ವಿರೋಧ ಪಕ್ಷದ ನಾಯಕನ ಕೆಲಸವನ್ನು ಮಾಡಿದರೂ ಆ ಮಾನ್ಯತೆ ಅವರಿಗೆ ಸಿಗಲಿಲ್ಲ.

ಹಾಗೆಂದು ಅಂದಿನ ವಿರೋಧ ದುರ್ಬಲವಾಗಿತ್ತು ಎನ್ನಲಾಗದು. 1962ರಲ್ಲಿ ಚೀನಾದೊಡನೆ ಯುದ್ಧ ನಡೆಯುತ್ತಿದ್ದಾಗಲೇ ಸಂಸತ್ತಿನ ಅಧಿವೇಶನ ಕರೆಯಬೇಕೆಂದು ಯುವ ಸಂಸದ ಅಟಲ್ ಬಿಹಾರಿ ವಾಜಪೇಯಿ ಒತ್ತಾಯಿಸಿದರು. ಪ್ರಧಾನಿ ನೆಹರೂ ಒಪ್ಪಿ ಅಧಿವೇಶನ ಕರೆದರು, ಚರ್ಚೆಯನ್ನು ಗುಟ್ಟಾಗಿ ನಡೆಸುವ ಸಲಹೆಯನ್ನು ತಳ್ಳಿಹಾಕಿದರು. ಯುದ್ಧಕಾಲದಲ್ಲಿ ಪ್ರಶ್ನೆ ಕೇಳುವುದು ದೇಶದ್ರೋಹ ಎನಿಸದಿದ್ದ ದಿನಗಳವು. ಮರುವರ್ಷದ ಆಗಸ್ಟ್‌ನಲ್ಲಿ ಜೆ.ಬಿ. ಕೃಪಲಾನಿ ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ಗೊತ್ತುವಳಿಯನ್ನು ಮಂಡಿಸಿದರು. ಇಪ್ಪತ್ತು ಗಂಟೆಗೂ ಮೀರಿ ಚರ್ಚೆ ನಡೆದು, ಗೊತ್ತುವಳಿ 62–347 ಮತಗಳಿಂದ ಬಿದ್ದುಹೋಯಿತು. ಆದರೆ ಆ ತಿಂಗಳು ಜನರ ನೆನಪಿನಲ್ಲಿ ಉಳಿದದ್ದು ಉಪಚುನಾವಣೆಯಲ್ಲಿ ಗೆದ್ದು ಆಗಷ್ಟೇ ಸದನಕ್ಕೆ ಬಂದಿದ್ದ ರಾಮಮನೋಹರ ಲೋಹಿಯಾ ಎತ್ತಿದ ಮಾತಿನಿಂದ. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಅವರು ಹೇಳಿದರೆ, ಸರ್ಕಾರದ ಲೆಕ್ಕ ಹದಿನೈದಾಣೆ ಎನ್ನುತ್ತಿತ್ತು. ಯಾರ ಅಂಕಿ ಸರಿಯೆಂಬುದು ಬೇರೆ ಮಾತು. ಬಡತನವನ್ನು ಹೇಗೆ ಅಳೆಯಬೇಕೆಂಬ ಪ್ರಶ್ನೆ ಅಂದಿನಿಂದ ಸಾರ್ವಜನಿಕ ಚರ್ಚೆಯ ವಿಷಯವಾಯಿತು.

ಲೋಹಿಯಾ ಕನ್ನಡಿಗರಿಗೆ ಅಪರಿಚಿತರೇನಲ್ಲ. 1951ರಲ್ಲಿ ಗೇಣಿದಾರರ ಸತ್ಯಾಗ್ರಹಕ್ಕಾಗಿ ಕಾಗೋಡಿಗೆ ಬಂದು ಬಂಧನಕ್ಕೊಳಗಾದವರು ಅವರು. ಆ ಹೋರಾಟದ ಬಲದಿಂದಲೇ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ–ಹೊಸನಗರದಿಂದ ಮೈಸೂರು ವಿಧಾನಸಭೆಗೆ ಆರಿಸಿ ಬಂದರು. ಕಾಂಗ್ರೆಸ್ಸಿನ ಭಾರೀ ಬಹುಮತದೆದುರು ಬೆರಳೆಣಿಕೆಯ ಸಂಗಾತಿಗಳೊಡನೆ ನಿಂತು ಉಳುವವನಿಗೆ ಭೂಮಿ ಸಿಗಬೇಕೆಂದು ಅವರು ವಾದಿಸುತ್ತಲೇ ಹೋದರು. 1972ರಲ್ಲಿ ಅವರು ತೀರಿಕೊಂಡರು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ ತಿದ್ದುಪಡಿ ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ವಿರೋಧ ಪಕ್ಷದ ಸಾಧನೆಯನ್ನು ಅದು ಗೆದ್ದ ಸ್ಥಾನಗಳಿಂದ ಮಾತ್ರ ಅಳೆಯುವವರು ಈ ಇಪ್ಪತ್ತು ವರ್ಷಗಳನ್ನು ನೋಡಬೇಕು.

ಲೋಕಸಭೆಗೆ ಮೊದಲ ಮಾನ್ಯ ವಿರೋಧ ಪಕ್ಷದ ನಾಯಕ ಸಿಕ್ಕಿದ್ದು ಮತದಾರರ ತೀರ್ಪಿನಿಂದಲ್ಲ, ಕಾಂಗ್ರೆಸ್ ಒಡೆದದ್ದರಿಂದ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನದಲ್ಲಿ ಬಿರುಕು ಬಯಲಾಯಿತು. ನವೆಂಬರ್ 12ರಂದು ಪಕ್ಷದ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರ ಬಣ ಇಂದಿರಾ ಗಾಂಧಿಯವರನ್ನು ಉಚ್ಚಾಟಿಸಿತು. ಸಂಸ್ಥಾ ಕಾಂಗ್ರೆಸ್ ಎಂದು ಹೆಸರಾದ ಆ ಬಣಕ್ಕೆ ಹತ್ತನೇ ಒಂದು ಭಾಗ ಮೀರಿದ ಸದಸ್ಯಬಲವಿದ್ದುದರಿಂದ ಡಿಸೆಂಬರ್‌ನಲ್ಲಿ ರಾಮ್ ಸುಭಗ್ ಸಿಂಗ್ ಅವರಿಗೆ ಮಾನ್ಯತೆ ದೊರೆಯಿತು. ಅದು ಒಂದು ವರ್ಷವಷ್ಟೇ ಬಾಳಿತು. 1971ರಲ್ಲಿ ಇಂದಿರಾ ಅವರ ಕಾಂಗ್ರೆಸ್ 352 ಸ್ಥಾನ ಗೆದ್ದಾಗ ಆ ಸ್ಥಾನ ಮತ್ತೆ ಬರಿದಾಯಿತು.

ಸದನದಲ್ಲಿ ಜಾಗ ಸಿಗದ ಆತಂಕ ಮೂರೇ ವರ್ಷದಲ್ಲಿ ಗುಜರಾತ್ ಮತ್ತು ಬಿಹಾರದ ಬೀದಿಗಳಲ್ಲಿ ಕಾಣಿಸಿಕೊಂಡಿತು. ಬೆಲೆಯೇರಿಕೆ ಮತ್ತು ಭ್ರಷ್ಟಾಚಾರದ ವಿರುದ್ಧ ವಿದ್ಯಾರ್ಥಿಗಳು ಹೊತ್ತಿಸಿದ ಚಳವಳಿಗೆ ಬಿಹಾರದಲ್ಲಿ ಜಯಪ್ರಕಾಶ್ ನಾರಾಯಣ್ ನಾಯಕತ್ವ ಕೊಟ್ಟರು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮ್‌ನಂದನ್ ಮಿಶ್ರಾ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ಅವರನ್ನು ಮರುದಿನ ಬೆಳಿಗ್ಗೆ ಬಂಧಿಸಿ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಯಿತು. ಜುಲೈನಲ್ಲಿ ಸಂಸತ್ತು ಸೇರಿದಾಗ ಪ್ರಶ್ನೋತ್ತರ ಅವಧಿಯನ್ನೇ ಕೈಬಿಡಲಾಯಿತು. ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿದ ರಂಗಕರ್ಮಿ, ನಟಿ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು ಕೆಲವೇ ದಿನಗಳಲ್ಲಿ ಕೊನೆಯುಸಿರೆಳೆದರು. ಯಾವ ಪಕ್ಷದ ಪದಾಧಿಕಾರಿಯೂ ಅಲ್ಲದ ಕಲಾವಿದೆಯೊಬ್ಬರು ತೆತ್ತ ಬೆಲೆ ಇದು ಎಂಬುದನ್ನು ತುರ್ತು ಪರಿಸ್ಥಿತಿಯ ನೆನಪನ್ನು ರಾಜಕಾರಣಿಗಳಿಗಷ್ಟೇ ಮೀಸಲಿಡುವವರು ಮರೆಯಬಾರದು. ಆ ಜೈಲಿನ ಆವರಣ ಇಂದು ಫ್ರೀಡಂ ಪಾರ್ಕ್. 2021ರ ಪೊಲೀಸ್ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಅನುಮತಿ ಇರುವುದು ಅಲ್ಲಿ ಮಾತ್ರ.

1977ರ ಚುನಾವಣೆಯಲ್ಲಿ ಜನತಾ ಪಕ್ಷ ಅಧಿಕಾರಕ್ಕೆ ಬಂತು. (ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆದ ಆ ಚುನಾವಣೆಯಲ್ಲೂ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ದೇಶದ ಭವಿಷ್ಯದ ಚಿಂತೆ ಎಲ್ಲ ಕಡೆ ಒಂದೇ ರೂಪದಲ್ಲಿರುವುದಿಲ್ಲ. ಭೂಮಿ ಪಡೆದ ಗೇಣಿದಾರನ ಲೆಕ್ಕಾಚಾರ ಬೇರೆಯೇ ಇತ್ತು.) ಅದುವರೆಗಿನ ಕಹಿಯನ್ನು ಬದಿಗಿಟ್ಟು ಹೊಸ ಸರ್ಕಾರ ವಿರೋಧ ಪಕ್ಷದ ನಾಯಕರ ವೇತನ ಮತ್ತು ಭತ್ಯೆಗಳ ಕಾಯ್ದೆಯನ್ನು ತಂದು, ಆ ಸ್ಥಾನಕ್ಕೆ ಮೊದಲ ಬಾರಿಗೆ ಶಾಸನದ ಆಧಾರ ಕೊಟ್ಟಿತು. ಬ್ರಿಟನ್ 1937ರಲ್ಲೇ ಮಾಡಿದ್ದ ಕೆಲಸವದು. ಸರ್ಕಾರದ ಎದುರು ಕುಳಿತ ಪಕ್ಷಗಳಲ್ಲಿ ಅತಿ ಹೆಚ್ಚು ಸದಸ್ಯರಿರುವ ಮತ್ತು ಸ್ಪೀಕರ್ ಅಥವಾ ಸಭಾಪತಿ ಮಾನ್ಯ ಮಾಡಿದ ಪಕ್ಷದ ನಾಯಕ ಎಂದು ಕಾಯ್ದೆ ವ್ಯಾಖ್ಯಾನಿಸುತ್ತದೆ. ಹತ್ತನೇ ಒಂದು ಭಾಗದ ಮಾತು ಅಲ್ಲಿಲ್ಲ; ಆದರೆ ‘ಮಾನ್ಯ ಮಾಡಿದ’ ಎಂಬ ಷರತ್ತಿನ ಮೂಲಕ ಹಳೆಯ ಅಳತೆ ಒಳಗೆ ನುಸುಳಿತು.

1980 ಮತ್ತು 1984ರ ಲೋಕಸಭೆಗಳಲ್ಲಿ ಕಾಂಗ್ರೆಸ್ ಆ ಅಳತೆಯನ್ನೇ ಹಿಡಿದು ಯಾರಿಗೂ ಮಾನ್ಯತೆ ಕೊಡಲಿಲ್ಲ. 1984ರಲ್ಲಿ ಅದಕ್ಕೆ ನಾನೂರಕ್ಕೂ ಹೆಚ್ಚು ಸ್ಥಾನಗಳಿದ್ದವು. ಎದುರಿದ್ದ ಅತಿ ದೊಡ್ಡ ಪಕ್ಷ 30 ಸ್ಥಾನಗಳ ತೆಲುಗು ದೇಶಂ. ಮೂವತ್ತು ವರ್ಷಗಳ ನಂತರ, 2014ರಲ್ಲಿ, 44 ಸ್ಥಾನಕ್ಕಿಳಿದ ಕಾಂಗ್ರೆಸ್ ಆ ಸ್ಥಾನ ಕೇಳಿದಾಗ ಸ್ಪೀಕರ್ ಸುಮಿತ್ರಾ ಮಹಾಜನ್ ನಿಯಮ ಮತ್ತು ಪೂರ್ವ ನಿದರ್ಶನಗಳನ್ನು ಮುಂದಿಟ್ಟು ನಿರಾಕರಿಸಿದರು. 2019ರಲ್ಲಿ ಕಾಂಗ್ರೆಸ್ 52 ಗೆದ್ದಿತು, ಬೇಕಿದ್ದದ್ದು 55. ತಾನು ಬಲವಾಗಿದ್ದಾಗ ಬಿಗಿದ ಕಟ್ಟನ್ನು ತಾನು ಸೋತಾಗ ಸಡಿಲಿಸಿ ಎಂದು ಕೇಳಬೇಕಾದ ಸ್ಥಿತಿ ಆ ಪಕ್ಷಕ್ಕೆ ಬಂತು, ನಿಜ. ಆದರೆ ಇದನ್ನು ಎರಡು ಪಕ್ಷಗಳ ಹಳೆಯ ಲೆಕ್ಕ ಚುಕ್ತಾ ಆದದ್ದೆಂದು ನೋಡುವುದು ತಪ್ಪು, ಏಕೆಂದರೆ ನಷ್ಟವಾದದ್ದು ಪ್ರಜೆಗಳಿಗೆ. 2015ರಲ್ಲಿ ದೆಹಲಿ ವಿಧಾನಸಭೆಯ 70 ಸ್ಥಾನಗಳಲ್ಲಿ ಮೂರನ್ನಷ್ಟೇ ಗೆದ್ದಿದ್ದ ಬಿಜೆಪಿಗೆ ಆಮ್ ಆದ್ಮಿ ಪಕ್ಷ ಆಳುತ್ತಿದ್ದ ಆ ಸದನದಲ್ಲಿ ವಿರೋಧ ಪಕ್ಷದ ನಾಯಕನ ಸ್ಥಾನ ಸಿಕ್ಕಿತು. ಮನಸ್ಸಿದ್ದರೆ ಸಂಖ್ಯೆ ಅಡ್ಡಿಯಾಗುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹತ್ತನೇ ಒಂದರ ಅಳತೆಯನ್ನು ಕೈಬಿಟ್ಟು, 1977ರ ಕಾಯ್ದೆಯಲ್ಲಿರುವ ‘ಅತಿ ದೊಡ್ಡ ಪಕ್ಷ’ ಎಂಬ ಮಾನದಂಡವೊಂದನ್ನೇ ಉಳಿಸಿಕೊಳ್ಳುವುದು ನ್ಯಾಯ ಎಂದು ನಾನು ನಂಬಿದ್ದೇನೆ.

ನಷ್ಟ ಏನೆಂಬುದಕ್ಕೆ, ಅಧಿಕಾರಸ್ಥರ ಭ್ರಷ್ಟಾಚಾರದ ದೂರುಗಳನ್ನು ವಿಚಾರಿಸುವ ಲೋಕಪಾಲದ ಕತೆಯನ್ನು ನೋಡಬಹುದು. 2011ರ ಭ್ರಷ್ಟಾಚಾರ ವಿರೋಧಿ ಆಂದೋಲನದ ಒತ್ತಡದಿಂದ ಬಂದ 2013ರ ಲೋಕಪಾಲ ಕಾಯ್ದೆ, ಆಯ್ಕೆ ಸಮಿತಿಯಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕ ಇರಬೇಕೆಂದಿತು. ಮಾಹಿತಿ ಹಕ್ಕು ಕಾಯ್ದೆಯಲ್ಲಿ, ಮಾನ್ಯ ನಾಯಕನಿಲ್ಲದಿದ್ದರೆ ಅತಿ ದೊಡ್ಡ ವಿರೋಧಿ ಗುಂಪಿನ ನಾಯಕನೇ ಸಾಕು ಎಂಬ ವಿವರಣೆಯಿತ್ತು. ಲೋಕಪಾಲ ಕಾಯ್ದೆಯಲ್ಲಿ ಅದು ಇರಲಿಲ್ಲ. ಅದನ್ನು ಸೇರಿಸುವ ತಿದ್ದುಪಡಿ ನೆನೆಗುದಿಗೆ ಬಿತ್ತು. ನೇಮಕವನ್ನು ತಡೆಹಿಡಿಯಲು ಇದು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಮೇಲೂ ಮೊದಲ ಲೋಕಪಾಲರು ಬಂದದ್ದು 2019ರ ಮಾರ್ಚ್‌ನಲ್ಲಿ. ಆ ಅವಧಿಯಲ್ಲಿ ಲೋಕಸಭೆಯಲ್ಲಿ ಕಾಂಗ್ರೆಸ್ ನಾಯಕರಾಗಿದ್ದ ಕಲಬುರಗಿಯ ಸಂಸದ ಮಲ್ಲಿಕಾರ್ಜುನ ಖರ್ಗೆಯವರನ್ನು ಆಯ್ಕೆ ಸಭೆಗೆ ‘ವಿಶೇಷ ಆಹ್ವಾನಿತ’ರಾಗಿ ಕರೆಯಲಾಯಿತು. ಮಾತಿಗೂ ಮತಕ್ಕೂ ಅಧಿಕಾರವಿಲ್ಲದ ಆ ಕುರ್ಚಿ ಬೇಡವೆಂದು ಅವರು ಮತ್ತೆ ಮತ್ತೆ ನಿರಾಕರಿಸಿದರು.

ವಿರೋಧ ಪಕ್ಷಗಳನ್ನು ಒಳಗಿನಿಂದ ಕರಗಿಸಿದ ಇನ್ನೊಂದು ಶಕ್ತಿಯ ವಿಷಯದಲ್ಲಿ ಕರ್ನಾಟಕದ ದಾಖಲೆ ಹೆಮ್ಮೆಯದಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಗೆದ್ದವರು ಮಾರಾಟವಾಗುವುದನ್ನು ತಡೆಯಲು ಬಂತು. ಅದು ವಿಪ್‌ನ, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶದ ಹೆಸರಿನಲ್ಲಿ ಪ್ರಾಮಾಣಿಕ ಭಿನ್ನಮತವನ್ನು ಕಟ್ಟಿಹಾಕಿತೇ ಹೊರತು ಮಾರಾಟವನ್ನು ನಿಲ್ಲಿಸಲಿಲ್ಲ. ರಾಜೀನಾಮೆ ಕೊಟ್ಟು, ಎದುರು ಪಕ್ಷದ ಚಿಹ್ನೆಯ ಮೇಲೆ ಮರಳಿ ಗೆಲ್ಲುವ ದಾರಿಯನ್ನು ಬಿಜೆಪಿಯ 2008ರ ‘ಆಪರೇಷನ್ ಕಮಲ’ ದೇಶಕ್ಕೆ ತೋರಿಸಿತು. 2019ರಲ್ಲಿ 17 ಶಾಸಕರು ಅನರ್ಹಗೊಂಡರು. ಅನರ್ಹತೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಸ್ಪರ್ಧಿಸಿದವರಲ್ಲಿ ಹೆಚ್ಚಿನವರು ಉಪಚುನಾವಣೆಯಲ್ಲಿ ಗೆದ್ದರು, ಹಲವರು ಸಚಿವರಾದರು.

17ನೇ ಲೋಕಸಭೆ, ಅಂದರೆ 2019ರಿಂದ 2024ರವರೆಗಿನದು, ದಿನದಿನದ ತಪಾಸಣೆ ಎಷ್ಟರಮಟ್ಟಿಗೆ ಸೊರಗಬಹುದು ಎಂಬುದನ್ನು ತೋರಿಸಿತು. ಸಾಧ್ಯವಾದಷ್ಟು ಬೇಗ ಡೆಪ್ಯುಟಿ ಸ್ಪೀಕರನ್ನು ಆರಿಸಬೇಕೆಂದು 93ನೇ ವಿಧಿ ಹೇಳಿದರೂ ಐದು ವರ್ಷವೂ ಆ ಸ್ಥಾನ ಖಾಲಿ ಉಳಿದದ್ದು ಅದೇ ಮೊದಲು. ಅದಕ್ಕೆ ಹಿಂದಿನ ಎರಡು ದಶಕಗಳಲ್ಲಿ ಆಳುವ ಪಕ್ಷದವರಲ್ಲದವರಿಗೆ ಆ ಸ್ಥಾನ ಹೋಗುತ್ತಿತ್ತು. ಕೋವಿಡ್ ಕಾರಣಕ್ಕೆ 2020ರ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿ ಇರಲಿಲ್ಲ. ಅದೇ ಅಧಿವೇಶನದಲ್ಲಿ ಮತ ವಿಭಜನೆಯ (ಮತಗಳನ್ನು ಎಣಿಸುವ) ಬೇಡಿಕೆಯ ನಡುವೆ ರಾಜ್ಯಸಭೆ ಧ್ವನಿಮತದಿಂದ ಅಂಗೀಕರಿಸಿದ ಕೃಷಿ ಮಸೂದೆಗಳು ಕಾಯ್ದೆಗಳಾಗಿ, ದೆಹಲಿಯ ಗಡಿಗಳಲ್ಲಿ ರೈತರು ಒಂದು ವರ್ಷ ಕುಳಿತ ಮೇಲೆ 2021ರ ನವೆಂಬರ್‌ನಲ್ಲಿ ರದ್ದಾದವು. ಸಮಿತಿಯೊಂದರಲ್ಲಿ ಕೆಲವು ತಿಂಗಳು ಕಳೆದಿದ್ದರೆ ಮುಗಿಯಬಹುದಾಗಿದ್ದ ವಾದವನ್ನು ರೈತರು ಚಳಿ, ಮಳೆ, ಬಿಸಿಲಿನಲ್ಲಿ ಕುಳಿತು ಹೇಳಬೇಕಾಯಿತು. ಹಲವರು ಮನೆಗೆ ಮರಳಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆ ಬೇಕೆಂದು ಪಟ್ಟುಹಿಡಿದ ಎರಡೂ ಸದನಗಳ 146 ಸದಸ್ಯರು ಅಮಾನತಾದರು. ದೇಶದ ಅಪರಾಧ ಕಾನೂನುಗಳನ್ನೇ ಬದಲಿಸಿದ ಮೂರು ಮಸೂದೆಗಳು ಆ ಖಾಲಿ ಆಸನಗಳ ಎದುರಿನಲ್ಲಿ ಅಂಗೀಕಾರವಾದವು. ಸದನದಲ್ಲಿ ಗದ್ದಲ ಎಬ್ಬಿಸುವುದೇ ವಿರೋಧ ಎಂದು ತಿಳಿದ ಸಂಸದರೂ ಇದ್ದಾರೆ, ಅದನ್ನು ಒಪ್ಪಲಾಗದು. ಆದರೂ ಗದ್ದಲಕ್ಕೆ ಪರಿಹಾರ ಚರ್ಚೆಗೆ ಅವಕಾಶ ಕೊಡುವುದೇ ಆಗಿದೆ.

ಅದೇ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಮತ್ತೊಂದು ಕಾಯ್ದೆ ಇಂದಿನ ಆತಂಕದ ನಡುಭಾಗದಲ್ಲಿದೆ. ಚುನಾವಣಾ ಆಯುಕ್ತರ ನೇಮಕಕ್ಕೆ ಸಂಸತ್ತು ಕಾನೂನು ಮಾಡುವವರೆಗೆ ಪ್ರಧಾನಿ, ವಿರೋಧ ಪಕ್ಷದ ನಾಯಕ ಮತ್ತು ಮುಖ್ಯ ನ್ಯಾಯಮೂರ್ತಿಗಳ ಸಮಿತಿ ಹೆಸರು ಸೂಚಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿತ್ತು. ಹೊಸ ಕಾಯ್ದೆ ಮುಖ್ಯ ನ್ಯಾಯಮೂರ್ತಿಗಳನ್ನು ಬಿಟ್ಟು, ಪ್ರಧಾನಿ ಹೆಸರಿಸುವ ಸಚಿವರೊಬ್ಬರನ್ನು ಸೇರಿಸಿತು. 2024ರ ಚುನಾವಣೆಯಲ್ಲಿ ಬಿಜೆಪಿ 240ಕ್ಕೆ ಇಳಿದು ಕಾಂಗ್ರೆಸ್ 99 ಗೆದ್ದ ಮೇಲೆ, ಹತ್ತು ವರ್ಷ ಖಾಲಿಯಿದ್ದ ಸ್ಥಾನಕ್ಕೆ ರಾಹುಲ್ ಗಾಂಧಿ ಬಂದರು. 2025ರ ಫೆಬ್ರವರಿಯಲ್ಲಿ ಮುಖ್ಯ ಚುನಾವಣಾ ಆಯುಕ್ತರ ಆಯ್ಕೆ ಸಭೆಯಲ್ಲಿ ಕುಳಿತ ಅವರಿಗೆ ಭಿನ್ನಮತದ ಟಿಪ್ಪಣಿ ಬರೆದು ಕೊಡುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಲಾಗಲಿಲ್ಲ. ಮೂವರಲ್ಲಿ ಇಬ್ಬರು ಸರ್ಕಾರದವರು.

ಆರು ತಿಂಗಳ ನಂತರ, ಆಗಸ್ಟ್‌ನಲ್ಲಿ, ಬೆಂಗಳೂರಿನ ಮಹದೇವಪುರ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಮೀರಿದ ಅಕ್ರಮ ಹೆಸರುಗಳಿವೆ ಎಂದು ರಾಹುಲ್ ಆರೋಪಿಸಿದರು. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ಸಹಿ ಹಾಕಿದ ದೂರು ಕೊಡಿ ಎಂದಿತು. ಆರೋಪ ಎಷ್ಟು ನಿಜವೆಂಬುದನ್ನು ದಾಖಲೆಗಳು ತೀರ್ಮಾನಿಸಬೇಕೇ ಹೊರತು ಪಕ್ಷಾಭಿಮಾನವಲ್ಲ. ಆದರೆ ಆ ದಾಖಲೆಗಳನ್ನು ಪರಿಶೀಲಿಸಿ ತೀರ್ಪು ಹೇಳಬೇಕಾದ ಆಯೋಗದ ನೇಮಕದಲ್ಲಿ ಆಳುವವರ ಮಾತೇ ನಡೆಯುತ್ತದೆಂಬ ಸಂಶಯ ಉಳಿದಿರುವವರೆಗೆ, ಅಂಬೇಡ್ಕರ್ ಹೇಳಿದ ಮೊದಲ ಬಗೆಯ ತಪಾಸಣೆಯ ಮೇಲೂ, ಅಂದರೆ ಮತಪೆಟ್ಟಿಗೆಯ ಮೇಲೂ, ಸೋತವರಿಗೂ ಗೆದ್ದವರಿಗೂ ಸಮಾನವಾದ ನಂಬಿಕೆ ಹುಟ್ಟುವುದು ಕಷ್ಟ.