ಹುಳಕ್ಕೆ ಜ್ವರ ಬಂದರೆ ರೇಷ್ಮೆ ಯಾಕೆ ನಿಲ್ಲುತ್ತೆ?

ಶಿಡ್ಲಘಟ್ಟದ ಕಡೆ ಹುಳ ಮೇಯಿಸುವ ಮನೆಯಲ್ಲಿ ಬೆಳೆದವರಿಗೆ ‘ಜ್ವರ’ ಅಂದರೆ ಬೇರೆಯೇ ಅರ್ಥ. ಹುಳ ಸೊಪ್ಪು ಬಿಟ್ಟು, ತಲೆ ಎತ್ತಿ, ಕದಲದೆ ಕೂತರೆ ಅದು ಜ್ವರ. ಪೊರೆ ಕಳಚುವ ಹೊತ್ತು. ಗೂಡು ಕಟ್ಟುವ ಮುಂಚೆ ಹೀಗೆ ನಾಲ್ಕು ಸಲ ಆಗುತ್ತೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲ್ಲಾಡಿಸುವಂತಿಲ್ಲ. ನಮ್ಮಜ್ಜಿ ಆ ದಿನ ಮಕ್ಕಳನ್ನು ಹುಳದ ಮನೆಯ ಬಾಗಿಲಲ್ಲೇ ತಡೆಯುತ್ತಿದ್ದರು. ‘ಮಲಗವೆ, ಸುಮ್ನಿರ್ರೋ’ ಎನ್ನುತ್ತಿದ್ದರು, ತೊಟ್ಟಿಲಲ್ಲಿ ಕೂಸು ಮಲಗಿದೆಯೇನೋ ಅನ್ನೋ ಹಾಗೆ.

ಹುಳದ ಹೊಟ್ಟೆಯೊಳಗೂ ಒಂದು ಕೆಲಸ ಆಗ ಮಲಗಿರುತ್ತದೆ. ರೇಷ್ಮೆಯ ಎಳೆಗೆ ಬೇಕಾದ ಮುಖ್ಯ ಪ್ರೊಟೀನು ಫೈಬ್ರೋಯಿನ್. ಅದನ್ನು ಮಾಡುವ ಜೀನ್, ಅಂದರೆ ಆ ಪ್ರೊಟೀನಿನ ಪಾಠ ಬರೆದಿರುವ ಡಿಎನ್‌ಎ ತುಂಡು, ಜ್ವರದ ಹೊತ್ತಿಗೆ ಆರಿಹೋಗುತ್ತದೆ, ಹುಳ ಎದ್ದು ಸೊಪ್ಪು ತಿನ್ನತೊಡಗಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1980ರಲ್ಲಿ ತೋರಿಸಿಕೊಟ್ಟರು. ಜೀನ್ ಎಲ್ಲಿಗೂ ಹೋಗಿರುವುದಿಲ್ಲ, ಅಲ್ಲೇ ಇರುತ್ತದೆ. ಹಾಗಾದರೆ ಅದನ್ನು ಆರಿಸೋದು, ಹಚ್ಚೋದು ಯಾರು?

ಈ ಪ್ರಶ್ನೆ ಅಂದುಕೊಂಡಷ್ಟು ಸಲೀಸಲ್ಲ. ಹುಳದ ಮೈಯ ಒಂದೊಂದು ಕಣದಲ್ಲೂ ಇರುವುದು ಅದೇ ಡಿಎನ್‌ಎ. ಕಣ್ಣಲ್ಲೂ ಫೈಬ್ರೋಯಿನ್ ಜೀನ್ ಇದೆ, ಕಾಲಲ್ಲೂ ಇದೆ. ಆದರೆ ಎಳೆ ಬರುವುದು ರೇಷ್ಮೆ ಗ್ರಂಥಿಯ ಹಿಂಭಾಗದಿಂದ ಮಾತ್ರ. ಎಳೆಗೆ ಅಂಟು ಬಳಿಯುವ ಸೆರಿಸಿನ್ ತಯಾರಾಗುವುದು ಅದೇ ಗ್ರಂಥಿಯ ನಡುಭಾಗದಲ್ಲಿ. ರೀಲರ್‌ಗಳು ಗೂಡನ್ನು ಬಿಸಿನೀರಿಗೆ ಹಾಕಿ ಸಡಿಲ ಮಾಡುವುದು ಇದೇ ಅಂಟನ್ನು. ಗ್ರಂಥಿಯಲ್ಲಿ ರೇಷ್ಮೆ ಜೀನ್ ಮಾತ್ರ ಜಾಸ್ತಿ ಪ್ರತಿಗಳಾಗಿ ಕೂತಿರಬಹುದು ಎಂಬ ಗುಮಾನಿಯೂ ಒಂದು ಕಾಲಕ್ಕಿತ್ತು. 1972ರಲ್ಲಿ ಯೋಶಿಯಾಕಿ ಸುಜುಕಿ, ಡೊನಾಲ್ಡ್ ಬ್ರೌನ್ ಮತ್ತವರ ಜೊತೆಗಾರರು ಎಣಿಸಿ ನೋಡಿದರು. ಹಾಗೇನೂ ಇರಲಿಲ್ಲ. ಅಂದರೆ ಗುಟ್ಟು ಇರುವುದು ಎಷ್ಟು ಜೀನ್ ಇದೆ ಎಂಬುದರಲ್ಲಲ್ಲ, ಯಾವುದು ಯಾವಾಗ ಕೆಲಸಕ್ಕೆ ಇಳಿಯುತ್ತದೆ ಎಂಬುದರಲ್ಲಿ.

ಜೀನಿಗೂ ಸ್ವಿಚ್ ಇರುತ್ತದೆ ಎಂದು ಮೊದಲು ಗೊತ್ತಾಗಿದ್ದು ಮಾತ್ರ ಹಾಲಿನಿಂದ. ಕೋಲಾರ, ಚಿಕ್ಕಬಳ್ಳಾಪುರದವರು ಇದನ್ನು ಕೇಳಿ ಖುಷಿಪಡಬಹುದು, ರೇಷ್ಮೆ ಹಾಲು ಎರಡೂ ನಮ್ಮವೇ ಅಲ್ವಾ! ನಮ್ಮ ಕರುಳಲ್ಲೂ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸಿಕ್ಕಾಗ ಮಾತ್ರ ಅದನ್ನು ಅರಗಿಸುವ ಸಾಮಾನು ಮಾಡಿಕೊಳ್ಳುತ್ತದೆ. ಸಿಗದಿದ್ದರೆ ಸುಮ್ನೆ ಖರ್ಚು ಮಾಡುವುದಿಲ್ಲ. ಪ್ಯಾರಿಸ್‌ನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ಇದರ ಒಳಗುಟ್ಟು ಹೇಳಿದರು. ಜೀನಿನ ಪಕ್ಕದ ಒಂದು ತುಂಡು ಡಿಎನ್‌ಎ ಪ್ರೊಟೀನಿನ ಪಾಠ ಅಲ್ಲ, ಪ್ರೊಟೀನು ಬಂದು ಕೂರುವ ಜಾಗ. ಕೂತರೆ ಜೀನ್ ಬಂದ್, ಎದ್ದರೆ ಚಾಲೂ. 1965ರಲ್ಲಿ ಅವರಿಗೆ ಆಂದ್ರೆ ಲ್ವೋಫ್ ಜೊತೆ ನೊಬೆಲ್ ಬಂತು.

ಬ್ಯಾಕ್ಟೀರಿಯಾದ ಮಾತು ಮನುಷ್ಯನಿಗೂ ಸಲ್ಲುತ್ತದೆಯೇ? 1975ರಲ್ಲಿ ಮೇರಿ ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್ ಮನುಷ್ಯನ ಪ್ರೊಟೀನುಗಳನ್ನು ಚಿಂಪಾಂಜಿಯವುಗಳ ಪಕ್ಕ ಇಟ್ಟು ನೋಡಿದರು. ಸರಾಸರಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಭಾಗ ಒಂದೇ. ಇಷ್ಟು ಕಡಿಮೆ ವ್ಯತ್ಯಾಸದಲ್ಲಿ ಇಷ್ಟು ಬೇರೆ ಪ್ರಾಣಿಗಳಾಗಲು ಸಾಧ್ಯವಿಲ್ಲ, ಬದಲಾವಣೆ ಬಹುಪಾಲು ಸ್ವಿಚ್‌ಗಳಲ್ಲೇ ಆಗಿರಬೇಕು ಎಂದರು. ಆಗ ಅದು ಊಹೆ. ಸ್ವಿಚ್ ಓದುವ ದಾರಿ ಯಾರ ಹತ್ತಿರವೂ ಇರಲಿಲ್ಲ. 1981ರಲ್ಲಿ ಎನ್‌ಹ್ಯಾನ್ಸರ್ ಎಂಬ ತುಂಡುಗಳು ಸಿಕ್ಕವು. ಇವು ಜೀನಿನಿಂದ ದೂರ ಕೂತೇ ಅದನ್ನು ಜೋರು ಮಾಡುತ್ತವೆ. ಮಂಚದ ಮೇಲೆ ಮಲಗಿ ಹೊಲದ ಮೋಟರ್ ಹಾಕುವ ಮೊಬೈಲ್ ಸ್ಟಾರ್ಟರ್ ಇದ್ದ ಹಾಗೆ.

ನನಗೆ ಈ ಇಡೀ ಚರಿತ್ರೆಯಲ್ಲಿ ಬಲು ಇಷ್ಟವಾದ ಪ್ರಯೋಗ 1985ರದ್ದು. ಮಿಟ್ಸಿಯಾಲಿಸ್ ಮತ್ತು ಕಫಾಟೋಸ್ ಎಂಬ ವಿಜ್ಞಾನಿಗಳು ರೇಷ್ಮೆ ಪತಂಗದ ಮೊಟ್ಟೆಯ ಚಿಪ್ಪು ಕಟ್ಟುವ ಜೀನ್‌ಗಳನ್ನು, ಅವುಗಳ ಸ್ವಿಚ್ ಸಮೇತ, ಹಣ್ಣಿನ ನೊಣಕ್ಕೆ ಸೇರಿಸಿದರು. ಬಾಳೆಹಣ್ಣಿನ ಮೇಲೆ ಗುಂಯ್ ಅನ್ನುವ ಪುಟಾಣಿ ನೊಣ ಅದು. ಪತಂಗದ ವಂಶ, ನೊಣದ ವಂಶ ಕವಲೊಡೆದು ಇಪ್ಪತ್ತು ಕೋಟಿ ವರ್ಷಕ್ಕೂ ಮೇಲಾಗಿದೆ. ಆದರೂ ಆ ಜೀನ್‌ಗಳು ನೊಣದಲ್ಲೂ ಸರಿಯಾದ ಜಾಗದಲ್ಲಿ, ಮೊಟ್ಟೆಯ ಸುತ್ತ ಚಿಪ್ಪು ಕಟ್ಟುವ ಕಣಗಳಲ್ಲೇ, ಕೆಲಸ ಶುರು ಮಾಡಿದವು. ನೊಣದ ಮೈ ಪತಂಗದ ಸ್ವಿಚ್ಚನ್ನು ಓದಿತು! ಡಿಎನ್‌ಎ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರದ ಬರಹ. ಮುಂದೆ ನೋಡಿದರೆ ಆ ಸ್ವಿಚ್‌ಗೆ ಮುನ್ನೂರು ಅಕ್ಷರವೂ ಬೇಕಿರಲಿಲ್ಲ. ಟಿಸಿಎಸಿಜಿಟಿ ಎಂಬ ಆರಕ್ಷರದ ಒಂದು ಪದ ಎರಡೂ ಕಡೆಯ ಸ್ವಿಚ್‌ನಲ್ಲಿತ್ತು.

ಸ್ವಿಚ್ ಅಷ್ಟೇ ಅಲ್ಲ, ಅದನ್ನು ಒತ್ತುವ ಬೆರಳೂ ಹಳೆಯದೇ. ಫೈಬ್ರೋಯಿನ್ ಜೀನನ್ನು ಹಚ್ಚುವ ಪ್ರೊಟೀನುಗಳಲ್ಲಿ ಒಂದು, ನೊಣದಲ್ಲಿ ‘ಫೋರ್ಕ್ ಹೆಡ್’ ಎಂದು ಹೆಸರಾದದ್ದರ ಅಣ್ಣತಮ್ಮ. ನೊಣದ ಜೊಲ್ಲು ಗ್ರಂಥಿಗೆ ಅದೇ ಬೇಕು. ರೇಷ್ಮೆ ಗ್ರಂಥಿಯೂ ಮೂಲದಲ್ಲಿ ಜೊಲ್ಲು ಗ್ರಂಥಿಯೇ, ಹಾಗಾಗಿ ಇದು ಸರಿ ಅನ್ನಿಸುತ್ತದೆ. ಆದರೆ 1990ರ ಹೊತ್ತಿಗೆ ಇಲಿಯ ಲಿವರ್‌ನಲ್ಲೂ ಅದೇ ಮನೆತನದ ಪ್ರೊಟೀನು ಸಿಕ್ಕಿತು. ನಮ್ಮ ಲಿವರ್‌ನಲ್ಲೂ ಇದೆ.

ಜೀನೋಮ್, ಅಂದರೆ ಒಂದು ಪ್ರಾಣಿಯ ಇಡೀ ಡಿಎನ್‌ಎ, ಪೂರ್ತಿ ಓದುವ ಕಾಲ ಬಂದ ಮೇಲೆ ಸ್ವಿಚ್ ಹುಡುಕುವ ದಾರಿಯೇ ಬದಲಾಯಿತು. ಸೋಬಾನೆ ಪದ ಕೇಳಿದ್ದೀರಲ್ಲ. ಊರಿಂದ ಊರಿಗೆ ನಡುವಿನ ಸಾಲುಗಳು ಬದಲಾಗುತ್ತವೆ, ಬೀಗರ ಹೆಸರು ಸೇರುತ್ತದೆ, ಯಾರೂ ತಲೆಕೆಡಿಸಿಕೊಳ್ಳಲ್ಲ. ಸೊಲ್ಲು ಮಾತ್ರ ಬದಲಾಗಲ್ಲ. ಬದಲಾದರೆ ಹಿಂದೆ ದನಿಗೂಡಿಸುವವರು ತಪ್ಪುತ್ತಾರೆ, ಹಾಡು ನಿಲ್ಲುತ್ತದೆ. ಹತ್ತು ಊರಿನ ಹಾಡು ಬರೆದು ಒಂದರ ಕೆಳಗೊಂದು ಇಟ್ಟರೆ ಸೊಲ್ಲು ಯಾವುದು ಎಂದು ಭಾಷೆ ಬಾರದವನೂ ತೋರಿಸಬಲ್ಲ. ಪ್ರಾಣಿಗಳ ಡಿಎನ್‌ಎ ಸಾಲಿಟ್ಟು ನೋಡುವುದೂ ಹೀಗೆಯೇ. ಕೋಟ್ಯಂತರ ವರ್ಷ ತಿದ್ದಿಸಿಕೊಳ್ಳದೆ ಉಳಿದ ಭಾಗಕ್ಕೆ ಏನೋ ಕೆಲಸ ಇದೆ ಎಂದರ್ಥ. ಅಲ್ಲಿ ತಪ್ಪಾದ ಪ್ರಾಣಿಗಳ ವಂಶ ಮುಂದುವರಿಯಲಿಲ್ಲ.

2002ರಲ್ಲಿ ಇಲಿಯ ಜೀನೋಮ್ ಬಂತು. ಮನುಷ್ಯನದ್ದರ ಜೊತೆ ಇಟ್ಟಾಗ ಸುಮಾರು ನೂರಕ್ಕೆ 5ರಷ್ಟು ಹೀಗೆ ಕಾಪಾಡಿಕೊಂಡು ಬಂದಿರುವಂತೆ ಕಂಡಿತು. ಪ್ರೊಟೀನಿನ ಪಾಠ ಇರುವುದು 1.5ರಷ್ಟು ಮಾತ್ರ. ಮಿಕ್ಕ ದೊಡ್ಡ ಪಾಲಿನಲ್ಲಿ ಸ್ವಿಚ್‌ಗಳಿರಬೇಕು. 2004ರಲ್ಲಿ ಇನ್ನೂ ವಿಚಿತ್ರ ಸಿಕ್ಕಿತು. ಮನುಷ್ಯ, ದೊಡ್ಡ ಇಲಿ, ಸಣ್ಣ ಇಲಿ ಮೂರರಲ್ಲೂ ಒಂದಕ್ಷರವೂ ಬದಲಾಗದ, 200 ಅಕ್ಷರಕ್ಕೆ ಕಡಿಮೆಯಿಲ್ಲದ 481 ತುಂಡುಗಳು. ಇಷ್ಟು ಜೋಪಾನ ಮಾಡಿದ್ದು ತೆಗೆದರೆ ಇಲಿ ಬದುಕುವುದೇ ಇಲ್ಲ ಎಂದು ಎಲ್ಲರೂ ಕಾದರು. 2007ರಲ್ಲಿ ನಾಲ್ಕನ್ನು ಒಂದೊಂದಾಗಿ ತೆಗೆದರು. ಇಲಿಗಳು ಆರಾಮಾಗಿದ್ದವು, ಮರಿಯನ್ನೂ ಹಾಕಿದವು. ವಿಜ್ಞಾನಿಗಳ ಮುಖ ನೋಡಬೇಕಿತ್ತು! 2018ರಲ್ಲಿ ಬೇರೆ ಕೆಲವನ್ನು ತೆಗೆದು ಮಿದುಳನ್ನು ಹತ್ತಿರದಿಂದ ನೋಡಿದಾಗ ಊನ ಕಂಡಿತು. ಲ್ಯಾಬಿನ ಬೋನಿನಲ್ಲಿ ಬದುಕುವುದೇ ಬೇರೆ, ಹೊಲದಲ್ಲಿ ಹಾವಿನಿಂದ ತಪ್ಪಿಸಿಕೊಂಡು ಬದುಕುವುದೇ ಬೇರೆ.

ಇನ್ನೊಂದು ತೊಡಕೂ ಇದೆ. ಸೊಲ್ಲು ಒಂದೇ ಇದ್ದರೆ ಕೆಲಸ ಒಂದೇ ಇರಬಹುದು, ಸರಿ. ಸೊಲ್ಲು ಬೇರೆ ಕಂಡರೆ ಕೆಲಸ ಬೇರೆ ಎನ್ನಬಹುದೇ? ಆಗಲ್ಲ. 2006ರಲ್ಲಿ ಮನುಷ್ಯನ ‘ರೆಟ್’ ಎಂಬ ಜೀನಿನ ಸ್ವಿಚ್‌ಗಳನ್ನು ಜೀಬ್ರಾ ಮೀನಿಗೆ ಹಾಕಿದರು. ಸಾಲಿಟ್ಟು ನೋಡಿದರೆ ಮೀನಿನಲ್ಲಿ ಅವುಗಳನ್ನು ಹೋಲುವುದು ಕಾಣುತ್ತಿರಲಿಲ್ಲ. ಆದರೂ ಹಲವು ಸರಿಯಾದ ಜಾಗದಲ್ಲೇ ಕೆಲಸ ಮಾಡಿದವು. ಪ್ರೊಟೀನು ಕೂರುವ ಜಾಗ ಆರೋ ಎಂಟೋ ಅಕ್ಷರದ್ದು. ಒಂದು ಅಳಿಸಿ ಪಕ್ಕದಲ್ಲೇ ಇನ್ನೊಂದು ಹುಟ್ಟಬಹುದು. ಬರೀ ಅಕ್ಷರ ಹೋಲಿಸಿದವರು ಇಂಥ ಸ್ವಿಚ್‌ಗಳನ್ನು ಬಿಟ್ಟುಬಿಡುತ್ತಾರೆ. ಈಗ 240 ಸಸ್ತನಿಗಳ ಜೀನೋಮ್ ಒಟ್ಟಿಗೆ ಇಟ್ಟು ನೋಡಿದ್ದಾರೆ. 2023ರಲ್ಲಿ ಬಂದ ಆ ಲೆಕ್ಕದ ಪ್ರಕಾರ ನಮ್ಮ ಡಿಎನ್‌ಎಯಲ್ಲಿ ನೂರಕ್ಕೆ ಹತ್ತಕ್ಕೂ ಸ್ವಲ್ಪ ಜಾಸ್ತಿ ಹೀಗೆ ಕಾಪಾಡಿಕೊಂಡು ಬಂದದ್ದು. ಪ್ರಾಣಿಗಳು ಹೆಚ್ಚಿದಷ್ಟೂ ಸೊಲ್ಲು ಸ್ಪಷ್ಟವಾಗುತ್ತದೆ.

ಸ್ವಿಚ್ ಬದಲಾಗದೆ ಉಳಿದ ಕಥೆ ಇಷ್ಟು ಹೇಳಿದ ಮೇಲೆ ಬದಲಾದ ಕಥೆಯನ್ನೂ ಹೇಳಬೇಕು. ಅದಕ್ಕೆ ಮತ್ತೆ ಹಾಲಿಗೇ ಬರಬೇಕು. ಕರುವಾಗಲಿ ಇಲಿಮರಿಯಾಗಲಿ, ತಾಯಿ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಜೀನ್ ಮಂಕಾಗುತ್ತದೆ. ಮನುಷ್ಯರಲ್ಲೂ ಬಹಳ ಜನಕ್ಕೆ ಹಾಗೇ. ಕೆಲವರಲ್ಲಿ ಮಾತ್ರ ಅದು ದೊಡ್ಡವರಾದರೂ ಆರುವುದಿಲ್ಲ. 2002ರಲ್ಲಿ ಫಿನ್ಲೆಂಡಿನವರು ಕಾರಣ ಹುಡುಕಿದರು. ಜೀನಿನಿಂದ ಸುಮಾರು 14,000 ಅಕ್ಷರ ಆಚೆ, ಪಕ್ಕದ ಇನ್ನೊಂದು ಜೀನಿನ ಒಳಗೆ, ಸಿ ಇದ್ದಲ್ಲಿ ಟಿ. ಒಂದೇ ಅಕ್ಷರ. ಭಾರತದಲ್ಲಿ ಹಾಲು ಅರಗಿಸುವವರಲ್ಲೂ ಮುಖ್ಯವಾಗಿ ಇರುವುದು ಅದೇ ಟಿ, ಅದೂ ಯುರೋಪಿನವರದ್ದರ ಜೊತೆ ಒಂದೇ ಮೂಲದ್ದು. ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಅದೇ ಸ್ವಿಚ್‌ನ ಬೇರೆ ಅಕ್ಷರ ಬದಲಾಗಿದೆ. ಅರಬ್ಬರಲ್ಲಿ ಮತ್ತೊಂದು.

ಈ ಟಿ ನಮ್ಮ ವಾಯವ್ಯದ ಕಡೆ ಜಾಸ್ತಿ, ದಕ್ಷಿಣಕ್ಕೆ ಬಂದಷ್ಟೂ ಕಡಿಮೆ. ನಮ್ಮ ಮನೆಯಲ್ಲಿ ಎರಡು ಹಸು ಕಟ್ಟಿದ್ದ ಚಿಕ್ಕಪ್ಪ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುತ್ತಿದ್ದರು. ಆದರೆ ಒಂದು ಲೋಟ ಹಾಲು ಕುಡಿದರೆ ಮಧ್ಯಾಹ್ನದವರೆಗೂ ಹೊಟ್ಟೆ ಗುಡುಗುಡು. ಮಜ್ಜಿಗೆ ಮಾತ್ರ ಚೆಂಬುಗಟ್ಟಲೆ ಇಳಿಯುತ್ತಿತ್ತು. ಹೆಪ್ಪು ಹಾಕಿದ ಹಾಲಿನಲ್ಲಿ ಆ ಸಕ್ಕರೆಯ ಒಂದು ಪಾಲನ್ನು ಬ್ಯಾಕ್ಟೀರಿಯಾಗಳೇ ತಿಂದಿರುತ್ತವಲ್ಲ.